ಸುಟ್ಟ ಮನೆಗೂ ಬೆಲೆಯಿದೆ

ಬೆಂಕಿ ಬಿದ್ದ ಎಂಟನೇ ದಿನಕ್ಕೆ ದಲ್ಲಾಳಿ ಬಾಗಿಲಿಗೆ ಬಂದ. ತುಮಕೂರಿನ ಆ ಮನೆ ಅಪ್ಪ 30–40 ಸೈಟಿನಲ್ಲಿ ಕಟ್ಟಿಸಿದ್ದು. ಫ್ರಿಜ್ ಹಿಂದೆ ಶಾರ್ಟ್ ಸರ್ಕ್ಯೂಟ್ ಆಗಿ ಹೊತ್ತಿಕೊಂಡ ಬೆಂಕಿ ಅಡುಗೆಮನೆಯನ್ನು ನುಂಗಿ ನಡುಮನೆಗೂ ಚಾಚಿತ್ತು. “ಸುಟ್ಟ ಮನೇನ ಯಾರು ಸಾರ್ ತಗೋತಾರೆ? ಇಪ್ಪತ್ತೆರಡು ಲಕ್ಷ, ರೆಡಿ ಕ್ಯಾಶ್. ವಾರದೊಳಗೆ ರಿಜಿಸ್ಟ್ರೇಷನ್” ಎಂದ. “ಆ ಕಡೆ ತಿರುಗಿ ನೋಡೋಕೂ ಆಗಲ್ಲ ಕಣೋ, ಬಂದಷ್ಟಕ್ಕೆ ಕೊಟ್ಟುಬಿಡು” ಎಂದಳು ಅಮ್ಮ. ನಾನೂ ಒಪ್ಪಿಬಿಟ್ಟಿದ್ದೆ.

ತಡೆದವರು ಭಾವ. ಅವರು ಕರೆತಂದ ಸಿವಿಲ್ ಎಂಜಿನಿಯರ್ ಸಣ್ಣ ಸುತ್ತಿಗೆ ಹಿಡಿದು ತಾರಸಿಯನ್ನು ಅಡಿಯಡಿಗೂ ತಟ್ಟಿದರು. ನಡುಮನೆಯಲ್ಲಿ ಸದ್ದು ಗಟ್ಟಿಯಾಗಿತ್ತು, ಅಡುಗೆಮನೆಯಲ್ಲಿ ಟೊಳ್ಳು. ಅಲ್ಲಿ ಗಾರೆ ಕೆತ್ತಿ ನೋಡಿದರೆ ಕಾಂಕ್ರೀಟ್ ನಸುಗೆಂಪಾಗಿತ್ತು. “ಕಾವು 300 ಡಿಗ್ರಿ ದಾಟಿದ ಗುರುತಿದು. ಈ ಸ್ಲ್ಯಾಬ್ ಒಡೆದು ಹೊಸದು ಹಾಕ್ಬೇಕು. ನಡುಮನೆಗೆ ಹಿಡಿದಿರೋದು ಬರೀ ಮಸಿ” ಎಂದರು. ಆರು ಲಕ್ಷದ ದುರಸ್ತಿ ಅಂದಾಜನ್ನು ಸಹಿ ಹಾಕಿ ಕೊಟ್ಟರು. ನಮ್ಮ ಬೀದಿಯಲ್ಲಿ ಖಾಲಿ ಸೈಟೇ ಚದರಡಿಗೆ 3,000 ರೂಪಾಯಿಗೆ ಹೋಗುತ್ತಿತ್ತು. ಅಂದರೆ 1,200 ಚದರಡಿಗೆ 36 ಲಕ್ಷ. ನೆಲ ಸುಡುವುದಿಲ್ಲ ಎಂಬ ಸರಳ ಲೆಕ್ಕ ಆ ದುಃಖದಲ್ಲಿ ನನಗೆ ಹೊಳೆದಿರಲಿಲ್ಲ.

ರೆಡಿ ಕ್ಯಾಶ್ ಎಂಬ ಮಾತಿನಲ್ಲಿ ಇನ್ನೊಂದು ಅಪಾಯವಿತ್ತು. ಆಸ್ತಿ ಮಾರುವಾಗ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ 2015ರ ಜೂನ್ 1ರಿಂದ ನಿಷೇಧವಿದೆ. ಮುಂಗಡಕ್ಕೂ ಇದು ಅನ್ವಯ. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ ಬೀಳುತ್ತದೆ, ಅದೂ ಹಣ ಪಡೆದ ಮಾರಾಟಗಾರನ ಮೇಲೆ.

ಕ್ರಯಪತ್ರದಲ್ಲಿ ಬೆಲೆ ತಗ್ಗಿಸಿ ಬರೆಸುವುದೂ ತಿರುಗಿ ಬೀಳುತ್ತದೆ. ಸರ್ಕಾರದ ಮಾರ್ಗಸೂಚಿ ಮೌಲ್ಯ ಪತ್ರದ ಬೆಲೆಯ ಶೇ 110ನ್ನು ಮೀರಿದರೆ, ಬಂಡವಾಳ ಲಾಭದ ತೆರಿಗೆಗೆ ಮಾರ್ಗಸೂಚಿ ಮೌಲ್ಯವನ್ನೇ ಹಿಡಿಯುತ್ತಾರೆ. ಮನೆ ನಿಜವಾಗಿಯೂ ಸುಟ್ಟು ಬೆಲೆ ಕುಸಿದಿದ್ದರೆ, ಇಲಾಖೆಯ ಮೌಲ್ಯಮಾಪಕರಿಂದ ಪರಿಶೀಲನೆ ಮಾಡಿಸಿ ಎಂದು ಕೇಳುವ ಹಕ್ಕು ನಮಗಿದೆ. ಆಗ ಕೈಹಿಡಿಯುವುದು ಅಗ್ನಿಶಾಮಕ ದಳದ ವರದಿ, ಎಂಜಿನಿಯರ್ ಅಂದಾಜು ಮತ್ತು ಫೋಟೊಗಳು.

ನಾವು ಮೂರು ತಿಂಗಳು ಕಾದೆವು. ಮಸಿ ತೊಳೆಸಿ, ಇ-ಖಾತೆ ಮಾಡಿಸಿ, ಋಣಭಾರ ಪತ್ರ ತೆಗೆಸಿದೆವು. ಬಂದವರಿಗೆಲ್ಲ ದುರಸ್ತಿ ಅಂದಾಜನ್ನು ಮುಚ್ಚುಮರೆಯಿಲ್ಲದೆ ತೋರಿಸಿದೆವು. ಕೊನೆಗೆ ಶಿಕ್ಷಕ ದಂಪತಿಯೊಬ್ಬರು 40 ಲಕ್ಷಕ್ಕೆ ಕೊಂಡರು. ಪೂರ್ತಿ ಹಣ ಬ್ಯಾಂಕ್ ಮೂಲಕವೇ ಬಂತು. ಆ ಮೂರು ತಿಂಗಳ ಬಾಡಿಗೆ, ಓಡಾಟ ಎಲ್ಲ ಸೇರಿ ನಮಗೆ ಒಂದು ಲಕ್ಷವೂ ಖರ್ಚಾಗಲಿಲ್ಲ.

ಇಂಥ ಕಷ್ಟ ಯಾರಿಗೂ ಬಾರದಿರಲಿ. ಬಂದರೆ, ವಿಮೆಯಿದ್ದವರು ಸರ್ವೇಯರ್ ನೋಡುವವರೆಗೆ ಏನನ್ನೂ ತೆಗೆಸಬೇಡಿ. ಸೈಟಿನ ಬೆಲೆಯನ್ನೂ ಕಟ್ಟಡದ ಬೆಲೆಯನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಆ ಎರಡು ಅಂಕಿ ಕೈಯಲ್ಲಿಲ್ಲದೆ ಯಾರಿಂದಲೂ ಮುಂಗಡ ಮುಟ್ಟಬೇಡಿ.