ಇಪ್ಪತ್ತು ಗುಂಟೆ ತರಕಾರಿ ಲೆಕ್ಕ

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸಿನ ಬೆಲೆ 2000 ರೂಪಾಯಿ ದಾಟಿತ್ತು. ಅದನ್ನು ನೋಡಿ ತುಂಬಾ ಜನ ಟೊಮ್ಯಾಟೊನೇ ನಾಟಿ ಮಾಡಿದರು. ಸಸಿ ನೆಟ್ಟ ಎರಡು ತಿಂಗಳಿಗೆ ಕೊಯ್ಲು ಶುರು. ಸೆಪ್ಟೆಂಬರಿನಲ್ಲಿ ಎಲ್ಲರ ಹಣ್ಣೂ ಒಟ್ಟಿಗೇ ಬಂತು, ಬೆಲೆ ಬಿದ್ದೇ ಹೋಯ್ತು. ಇಂಥಾ ಹೊತ್ತಲ್ಲಿ ಹೊಲ ಪೂರ್ತಿ ಒಂದೇ ಬೆಳೆ ಇಟ್ಟವರಿಗೆ ಸಾಲವೇ ಉಳಿಯೋದು. ಆದ್ದರಿಂದ ಬಿತ್ತೋಕೆ ಮುಂಚೆ ಜಾಗದ ಲೆಕ್ಕ ಹಾಕಬೇಕು.

1. ಅಳತೆ: ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಟೊಮ್ಯಾಟೊ ಸಾಲಿಗೆ 3 ಅಡಿ, ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ ಗುಂಟೆಗೆ 242 ಸಸಿ ಬೇಕು.

2. ತಿಂಗಳ ಲಾಭ: ಗುಂಟೆಗೆ ಟೊಮ್ಯಾಟೊ 4 ತಿಂಗಳಲ್ಲಿ 2000 ರೂಪಾಯಿ, ಕೊತ್ತಂಬರಿ ಒಂದೂವರೆ ತಿಂಗಳಲ್ಲಿ 900 ರೂಪಾಯಿ ಉಳಿಸಿತು ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ ಭಾಗಿಸಿದರೆ ಟೊಮ್ಯಾಟೊ 500, ಕೊತ್ತಂಬರಿ 600! ದೊಡ್ಡ ಮೊತ್ತ ಕಂಡಿದ್ದೇ ದೊಡ್ಡ ಲಾಭ ಅಲ್ಲ.

3. ಸಂತೆಯ ಮಿತಿ: ಹಾಗಾದರೆ ಬರೀ ಕೊತ್ತಂಬರಿ ಹಾಕೋಣವೇ? ಬೇಡ. ಸೊಪ್ಪು ಸಂಜೆಗೆ ಬಾಡುತ್ತೆ, ಉಳಿದದ್ದು ದನಕ್ಕೇ. ಸಂತೆಯಲ್ಲಿ ವಾರಕ್ಕೆ ಒಂದು ಗುಂಟೆ ಸೊಪ್ಪು ಖರ್ಚಾಗುತ್ತೆ ಅನ್ನಿ. ಬೆಳೆಯೋಕೆ 6 ವಾರ, ಮಣ್ಣು ಹದ ಮಾಡೋಕೆ 1 ವಾರ. ಆದ್ದರಿಂದ 7 ಗುಂಟೆ ಸಾಕು. ವಾರಕ್ಕೊಂದು ಗುಂಟೆ ಬಿತ್ತುತ್ತಾ ಹೋದರೆ ಪ್ರತಿ ಸಂತೆಗೂ ಸೊಪ್ಪು, ಪ್ರತಿ ವಾರ ಕೈಯಲ್ಲಿ ಕಾಸು.

4. ಹಂಚಿಕೆ: 20 ಗುಂಟೆ ಇದ್ದರೆ ಹೀಗೆ ಮಾಡಬಹುದು:
ಕೊತ್ತಂಬರಿ – 7 ಗುಂಟೆ
ಟೊಮ್ಯಾಟೊ – 6 ಗುಂಟೆ
ಹುರುಳಿಕಾಯಿ (ಬೀನ್ಸ್) – 4 ಗುಂಟೆ (15 ದಿನದ ಅಂತರದಲ್ಲಿ ಎರಡು ಸಲ ಬಿತ್ತನೆ)
ಹೀರೆ ಚಪ್ಪರ – 3 ಗುಂಟೆ
ಒಂದರ ಬೆಲೆ ಬಿದ್ದರೆ ಇನ್ನೊಂದು ಕೈ ಹಿಡಿಯುತ್ತೆ.

5. ಜಾಗ ಬದಲಿ: ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು. ಒಂದಾದ ಮೇಲೆ ಒಂದು ಅದೇ ಜಾಗಕ್ಕೆ ಹಾಕಿದರೆ ಸೊರಗು ರೋಗ ಮಣ್ಣಲ್ಲೇ ಉಳಿದು ಮುಂದಿನ ಬೆಳೆಗೂ ಹತ್ತುತ್ತೆ. ಬೀನ್ಸ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಕೊಯ್ಲಾದ ಮೇಲೆ ಗಿಡವನ್ನು ಮಣ್ಣಿಗೇ ಸೇರಿಸಿ.

ನಿಮಗೊಂದು ಲೆಕ್ಕ: ಮೂಲಂಗಿಗೆ 45 ದಿನ ಬೇಕು. 15 ದಿನಕ್ಕೊಮ್ಮೆ 2 ಗುಂಟೆ ಕೀಳಬೇಕಾದರೆ ಒಟ್ಟು ಎಷ್ಟು ಗುಂಟೆ ಬೇಕು? ಮಣ್ಣು ಹದ ಮಾಡೋ ದಿನ ಬಿಡಿ. ಉತ್ತರ ತೆಗೆದು ಮನೆಯಲ್ಲಿ ಅಪ್ಪ ಅಮ್ಮಂಗೂ ತೋರಿಸಿ.