ಯಾವ ಬೇಲು, ಎಷ್ಟು ಕಿಲೋ?

ಮಗಾ, ಬರುವ ತಿಂಗಳಿಂದ ನೂಲಿನ ಅಂಗಡಿಯಲ್ಲಿ ಕೂರುತ್ತೀಯಂತೆ. ಲೆಕ್ಕವೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ನನಗೇನು ಚಿಂತೆ ಅಂತ ನಿಮ್ಮಮ್ಮನ ಹತ್ತಿರ ಹೇಳಿದೆಯಂತೆ. ಕಂಪ್ಯೂಟರ್ ಕೂಡಿಸುತ್ತದೆ, ಗುಣಿಸುತ್ತದೆ, ಸರಿ. ನೀನು ಒತ್ತಿದ ಅಂಕಿ ಯಾವ ಬೇಲಿನದು, ಯಾವ ಬಂಡಲಿನದು ಅಂತ ಅದು ಕೇಳುವುದಿಲ್ಲ. ಕೇಳಬೇಕಾದವನು ನೀನು.

ನಮ್ಮ ಈ ಕೊಯಮತ್ತೂರಿನಲ್ಲಿ ಕನ್ನಡದವನಾಗಲಿ, ತಮಿಳಿನವನಾಗಲಿ, ತೆಲುಗಿನವನಾಗಲಿ, ಹತ್ತಿ ಮಾರಲು ಬಂದ ಗುಜರಾತಿಯಾಗಲಿ, ಬೇಲ್‌ಗೆ ಬೇಲ್ ಅನ್ನುತ್ತಾನೆ, ಬಂಡಲ್‌ಗೆ ಬಂಡಲ್ ಅನ್ನುತ್ತಾನೆ. ಮಾತು ಒಂದೇ ಆದ್ದರಿಂದ ಎಲ್ಲರಿಗೂ ತಿಳಿದಿದೆ ಅನ್ನಿಸುತ್ತದೆ. ಜಗಳ ಹುಟ್ಟುವುದೇ ಅಲ್ಲಿ.

ಮೊದಲು ಹತ್ತಿ. ಹುಬ್ಬಳ್ಳಿ, ರಾಯಚೂರು ಕಡೆಯ ರೈತ ಅಂಡಿಗೆಯಲ್ಲಿ ತುಂಬಿ ಮಾರುಕಟ್ಟೆಗೆ ತರುವುದು ಬೀಜವಿರುವ ಹತ್ತಿ. ಅದು ಜಿನ್ನಿಂಗ್ ಆಗಿ, ಪ್ರೆಸ್ಸಿನಲ್ಲಿ ಒತ್ತಿಸಿಕೊಂಡು, ಪಟ್ಟಿ ಬಿಗಿಸಿಕೊಂಡು ಹೊರಬಂದ ಮೇಲೆ ಬೇಲ್. ನಮ್ಮ ದೇಶದ ಲೆಕ್ಕದಲ್ಲಿ ಒಂದು ಬೇಲ್ ಎಂದರೆ 170 ಕಿಲೋ. ಅಮೆರಿಕದವರ ಲೆಕ್ಕದ ಬೇಲ್ 480 ಪೌಂಡು, ಅಂದರೆ ಸುಮಾರು 218 ಕಿಲೋ. ಪೇಪರಿನಲ್ಲಿ ಆ ದೇಶದ ಬೆಳೆ ಇಷ್ಟು ಬೇಲ್, ನಮ್ಮದು ಇಷ್ಟು ಎಂದು ಓದಿದರೆ ತಟ್ಟನೆ ಹೋಲಿಸಬೇಡ. ಲಾರಿಯಿಂದ ಇಳಿಯುವ ಬೇಲ್ ಕೂಡ ಸರಿಯಾಗಿ 170 ತೂಗುವುದು ಅಪರೂಪ; ನಾಲ್ಕಾರು ಕಿಲೋ ಅತ್ತಿತ್ತ ಇರುತ್ತದೆ. ಅದಕ್ಕೇ ಒಂದೊಂದು ಬೇಲಿಗೂ ಪಿ.ಆರ್. (ಪ್ರೆಸ್ ರನ್ನಿಂಗ್) ನಂಬರ್ ಹಾಕಿ, ತೂಕದ ಪಟ್ಟಿ ಕೊಡುವುದು. ಆ ಪಟ್ಟಿಯನ್ನು ಒಂದೊಂದಾಗಿ ಓದು. ಮೇಲಿನ ಬಟ್ಟೆ, ಪಟ್ಟಿಗಳ ತೂಕ ಕಳೆದಿದ್ದಾರೋ ಇಲ್ಲವೋ ನೋಡು.

ಮಾಲು ಬರುವುದು ಬೇಲಿನಲ್ಲಿ, ದರ ಮಾತಾಡುವುದು ಮಾತ್ರ ಕ್ಯಾಂಡಿಯಲ್ಲಿ. ಕ್ಯಾಂಡಿ ಎಂದರೆ 784 ಪೌಂಡು, ಸುಮಾರು 356 ಕಿಲೋ. (ಹಳ್ಳಿಯ ಖಂಡುಗದ ಜೊತೆ ಇದನ್ನು ಬೆರೆಸಬೇಡ, ಅದರ ದಾರಿಯೇ ಬೇರೆ.) ಎರಡು ಬೇಲ್ ಸೇರಿದರೆ ಒಂದು ಕ್ಯಾಂಡಿ ಎಂದು ಬಾಯಿಲೆಕ್ಕ ಹೇಳುವವರು ಈಗಲೂ ಸಿಗುತ್ತಾರೆ. ಎರಡು ಬೇಲ್ 340 ಕಿಲೋ, ಸುಮಾರು ಹದಿನಾರು ಕಿಲೋ ಕಡಿಮೆ. 2022ರ ಮೇ ತಿಂಗಳಲ್ಲಿ ಶಂಕರ್-6 ಹತ್ತಿ ಕ್ಯಾಂಡಿಗೆ ಒಂದು ಲಕ್ಷ ರೂಪಾಯಿ ದಾಟಿತ್ತು. ಆ ದರದಲ್ಲಿ ಈ ಬಾಯಿಲೆಕ್ಕದ ಬೆಲೆ ಕ್ಯಾಂಡಿಗೆ ನಾಲ್ಕು ಸಾವಿರಕ್ಕೂ ಮೇಲೆ. ನೂರು ಬೇಲಿನ ಲಾಟಿಗೆ ಎಷ್ಟಾಯಿತು, ನೀನೇ ಗುಣಿಸಿಕೋ.

ಇನ್ನು ನೂಲು. ನೀನು ಕೂರುವುದು ಅಲ್ಲೇ, ಆದ್ದರಿಂದ ಇದನ್ನು ನಿಧಾನವಾಗಿ ಕೇಳು. ಲಡಿ ನೂಲಿನ ಬಂಡಲ್ 4.54 ಕಿಲೋ. ಈ ಅಡ್ಡಾದಿಡ್ಡಿ ಅಂಕಿ ಯಾಕೆ ಅಂತೀಯಾ, ಅದು 10 ಪೌಂಡು. ಅಂಥ ನಲವತ್ತು ಬಂಡಲ್ ಸೇರಿದರೆ ಒಂದು ನೂಲಿನ ಬೇಲ್, 400 ಪೌಂಡು, 181.44 ಕಿಲೋ. ಹತ್ತಿಯ ಬೇಲ್ 170, ನೂಲಿನ ಬೇಲ್ 181.44. ಒಂದು ಬೇಲ್ ಹತ್ತಿ ಹಾಕಿದರೆ ಒಂದು ಬೇಲ್ ನೂಲು ಬರುತ್ತದೆ ಎಂದು ಯಾರಾದರೂ ಹೇಳಿದರೆ ಮಿಲ್ಲಿನ ಗೇಟನ್ನೂ ನೋಡಿದವನಲ್ಲ ಅಂದುಕೋ. ಕಾರ್ಡಿಂಗಿನಲ್ಲಿ ಒಂದಿಷ್ಟು, ಕೋಂಬಿಂಗಿನಲ್ಲಿ ಇನ್ನೊಂದಿಷ್ಟು ವೇಸ್ಟ್ ಹೋಗುವುದು ಬೇರೆ. ಪೌಂಡಿನ ಕಾಲ ಮುಗಿದು ಅರವತ್ತು ವರ್ಷದ ಮೇಲಾಯಿತು, ಬಂಡಲಿನೊಳಗೆ ಮಾತ್ರ ಅದು ಇನ್ನೂ ಕೂತಿದೆ.

ಬಂಡಲಿನ ತೂಕ ಒಂದೇ, ಉದ್ದ ಒಂದೇ ಅಲ್ಲ. ಒಂದು ಲಡಿ ಎಂದರೆ 840 ಗಜ. ಒಂದು ಪೌಂಡಿಗೆ ಅಂಥ ಎಷ್ಟು ಲಡಿ ಬರುತ್ತವೋ ಅದೇ ನೂಲಿನ ಕೌಂಟ್. ಅಂದರೆ ನಲವತ್ತರ ನೂಲಿನ ಬಂಡಲಿನಲ್ಲಿ 400 ಲಡಿ, ಎಂಬತ್ತರದರಲ್ಲಿ 800. ನಲವತ್ತರ ಒಂದು ಬಂಡಲಿನ ನೂಲನ್ನು ಬಿಡಿಸಿದರೆ 307 ಕಿಲೋಮೀಟರು; ಇಲ್ಲಿಂದ ಸತ್ಯಮಂಗಲದ ಮೇಲೆ ಮೈಸೂರು ತಲುಪಿದ ಮೇಲೂ ಮಿಗುತ್ತದೆ. ಈಗ ಯಾರೋ ಮೂವತ್ತೆಂಟರ ನೂಲಿಗೆ ನಲವತ್ತು ಎಂದು ಚೀಟಿ ಅಂಟಿಸಿದರು ಅನ್ನು. ತಕ್ಕಡಿ 4.54 ಎಂದೇ ತೋರಿಸುತ್ತದೆ. ಇಪ್ಪತ್ತು ಲಡಿ, ಹದಿನೈದು ಕಿಲೋಮೀಟರಿನಷ್ಟು ನೂಲು ಮಾಯ. ಆ ನಷ್ಟ ನಿನಗೂ ಗೊತ್ತಾಗುವುದಿಲ್ಲ, ಮಾರಿದವನಿಗೂ ತಟ್ಟುವುದಿಲ್ಲ. ಸಿರುಮುಗೈಯಲ್ಲಿ ನಮ್ಮ ದೇವಾಂಗ ಮನೆಯ ಮಗ್ಗದ ಮುಂದೆ ಕೂತವನಿಗೆ ತಟ್ಟುತ್ತದೆ: ಇಷ್ಟು ನೂಲಿಗೆ ಇಷ್ಟು ಸೀರೆ ಕೊಡು ಎಂದು ಕೇಳುವವರು ಅವನನ್ನೇ ಕೇಳುತ್ತಾರೆ. ಅದಕ್ಕೇ ಹೇಳುವುದು, ಬಂಡಲನ್ನು ಬರೀ ತೂಗಿ ಒಳಗಿಡಬೇಡ. ಒಂದನ್ನು ಬಿಚ್ಚಿ ಲಡಿ ಎಣಿಸು, ಒಂದು ಲಡಿಯನ್ನು ರಾಟೆಗೆ ಹಾಕಿ ಅಳೆ. ಲಡಿಯ ಉದ್ದ ಕಡಿಮೆ ಮಾಡಿ ಸಂಖ್ಯೆ ಸರಿದೂಗಿಸುವ ಚಾಲಾಕಿಗಳೂ ಇದ್ದಾರೆ. ಸಂಶಯ ಬಂದರೆ ಇಲ್ಲೇ ಸಿಟ್ರಾ ಇದೆ, 1956ರಿಂದ ಜವಳಿಯದೇ ಸಂಶೋಧನೆ ಅವರದು. ಕೌಂಟ್ ಪರೀಕ್ಷೆ ಮಾಡಿಸು.

ಮಿಲ್ಲಿನವರು ಕೈಮಗ್ಗಕ್ಕೆಂದು ಇಷ್ಟು ಪಾಲು ನೂಲನ್ನು ಲಡಿಯಾಗಿಯೇ ಕೊಡಬೇಕೆಂಬ ಸರ್ಕಾರದ ನಿಯಮ ಇದೆ. 2019ರಿಂದ ಅದನ್ನು ಶೇ 40ರಿಂದ 30ಕ್ಕೆ ಇಳಿಸಿದರು. ಉಳಿದದ್ದು ಕೋನು, ಚೀಲದಲ್ಲಿ ಹೋಗುತ್ತದೆ. ಅದನ್ನು ಬಂಡಲ್ ಅನ್ನಬೇಡ, ನಗುತ್ತಾರೆ.

ತಿರುಪ್ಪೂರಿಗೆ ಹೋದರೆ ಬಂಡಲ್ ಪೂರ್ತಿ ಬೇರೆ ಜಾತಿ. ನಿಮ್ಮಕ್ಕ ಅಲ್ಲಿ ಕಟಿಂಗ್ ವಿಭಾಗದಲ್ಲಿ ಇದ್ದಾಳಲ್ಲ, ಕೇಳು. ಅವಳ ಬಂಡಲಿಗೆ ತೂಕವೇ ಇಲ್ಲ, ಎಣಿಕೆ ಮಾತ್ರ. ಕತ್ತರಿಸಿದ ತೋಳು, ಮುಂಭಾಗ, ಹಿಂಭಾಗ ಇಷ್ಟಿಷ್ಟು ಎಂದು ಕಟ್ಟಿ, ಸೈಜು, ನಂಬರು, ಪೀಸ್ ಎಷ್ಟು ಎಂದು ಚೀಟಿ ಸಿಕ್ಕಿಸುತ್ತಾರೆ. ಒಂದು ರೋಲಿನ ತೋಳು ಇನ್ನೊಂದು ರೋಲಿನ ಮೈಗೆ ಹೋದರೆ ಬಣ್ಣ ಹೊಂದುವುದಿಲ್ಲ, ಬನಿಯನ್ ವಾಪಸ್. ಪೀಸಿನ ಮೇಲೆ ಕೂಲಿ ಪಡೆಯುವ ಟೈಲರು ಚೀಟಿಯನ್ನು ಒಮ್ಮೆಗೆ ನಂಬುವುದಿಲ್ಲ, ಕಟ್ಟು ಬಿಚ್ಚಿ ಬೆರಳಲ್ಲಿ ಸರಿಸಿ ಸರಿಸಿ ಎಣಿಸಿಯೇ ಮಿಷಿನ್ನಿಗೆ ಕೊಡುತ್ತಾನೆ. ಅದೇ ಸರಿ. ಒಂದು ಪೀಸ್ ಕಡಿಮೆ ಬಂದರೆ ಸಂಜೆ ಉತ್ತರ ಹೇಳಬೇಕಾದವನು ಅವನು.

ಆ ಕಟಿಂಗ್ ಟೇಬಲಿನ ಚೂರುಗಳನ್ನೂ ಒತ್ತಿ ಕಟ್ಟುತ್ತಾರೆ, ಅದೂ ಬೇಲ್! ನಮ್ಮ ಸುತ್ತಿನ ಓಪನ್ ಎಂಡ್ ಮಿಲ್ಲುಗಳು ಅದನ್ನೇ ಮತ್ತೆ ನೂಲು ಮಾಡುತ್ತವೆ. ಈ ಬೇಲಿಗೆ 170 ಇಲ್ಲ, 181 ಇಲ್ಲ, ಗೊತ್ತಾದ ತೂಕವೇ ಇಲ್ಲ. ಇಂಥ ಮಾಲು ನಿನ್ನ ಕಡೆ ಬಂದರೆ ಕಿಲೋ ಬಿಟ್ಟು ಬೇರೆ ಮಾತಾಡಬೇಡ, ಬಿಲ್ಲಿನಲ್ಲಿ ‘ಬೇಲ್ 1’ ಎಂದು ಬರೆಸಿಕೊಂಡು ಬರಬೇಡ. ಹೊರಮೈ ಒಣಗಿದ್ದರೆ ಸಾಲದು, ನಡುವಿಗೆ ಕೈ ಹಾಕಿ ತೇವ ನೋಡು. ಬಿಳಿಯ ಚೂರೆಂದು ಹೇಳಿದ್ದರೆ ಒಳಗೆ ಬಣ್ಣದ್ದು ತುಂಬಿದ್ದಾರೋ ನೋಡು. ದುಡ್ಡು ಆಮೇಲೆ.