ಕೆಂಗಲ್ಲಿನ ನಾಡಿನಲ್ಲಿ ನೀರಿನ ಜಾಡು

ಪುಣೆಯಲ್ಲಿ ಬೆಳೆಯುವ ಬಾಲಕ ಬಾಲಕಿಯರಿಗೆ ಗುಡ್ಡವೆಂದರೆ ಕರಿಯ ಕಲ್ಲು. ಪರ್ವತಿಯ ಮೆಟ್ಟಿಲುಗಳನ್ನು ಹತ್ತಿದರೂ, ಸಿಂಹಗಡದ ಏರನ್ನು ಏರಿದರೂ ಕಾಲಡಿಗೆ ಸಿಕ್ಕುವುದು ಅದೇ ಕರಿಗಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸವು ತಣಿದು ಈ ಕಲ್ಲಾಯಿತು. ಇದು ಬೆಂಕಿ ಮಾಡಿದ ಕಲ್ಲು. ಆದರೆ ನಮ್ಮ ಶಾಲೆಯ ಅನೇಕ ಮಕ್ಕಳ ತಾಯಿತಂದೆಗಳು ಹೊಟ್ಟೆಪಾಡಿಗಾಗಿ ಬಿಟ್ಟು ಬಂದ ಸೀಮೆಯಲ್ಲಿ ನೀರು ಮಾಡಿದ ಕಲ್ಲೊಂದುಂಟು. ಅದರ ಬಣ್ಣ ಕೆಂಪು. ಅದನ್ನು ಕಣ್ತುಂಬ ನೋಡಬೇಕಾದರೆ ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಹೋಗಬೇಕು. ಹೋಗಿ, ಮನೆಮಂದಿಯೆಲ್ಲ ಕೂಡಿ ಕಾಲ್ನಡಿಗೆಯಲ್ಲಿ ಸುತ್ತಬೇಕು.

ಕಳೆದ ವರ್ಷ ‘ನಮ್ಮ ಊರು’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಹೇಳಿದಾಗ ವಿದ್ಯಾರ್ಥಿಯೊಬ್ಬನು ಎರಡೇ ವಾಕ್ಯಗಳಲ್ಲಿ ಮುಗಿಸಿದ್ದನು: ನಮ್ಮ ಊರಿನಲ್ಲಿ ಬಿಸಿಲು ಮತ್ತು ಕಲ್ಲು ಇವೆ, ಬೇರೆ ಏನೂ ಇಲ್ಲ. ಆ ಹುಡುಗನದು ತಪ್ಪೆನ್ನಲಾಗದು. ಅವನು ಊರನ್ನು ನೋಡಿದ್ದು ವೈಶಾಖದ ಉರಿಯಲ್ಲಿ, ಮದುವೆಯ ಗದ್ದಲದಲ್ಲಿ. ಮಳೆ ಕೈಕೊಟ್ಟುದರಿಂದಲೇ ಎಷ್ಟೋ ಮನೆತನಗಳು ಆ ಸೀಮೆಯನ್ನು ಬಿಟ್ಟು ಹೊರಟವು. ೧೯೭೨-೭೩ರ ಬರಗಾಲದ ಮಾತು ಬಂದರೆ ಹಿರಿಯರು ಇಂದಿಗೂ ನಿಟ್ಟುಸಿರು ಬಿಡುತ್ತಾರೆ. ನೀರಿಲ್ಲದ ನಾಡೆಂಬ ಹೆಸರು ಹೊತ್ತ ಆ ನೆಲದ ಕಲ್ಲುಗಳಲ್ಲಿ ನೀರಿನದೇ ಕಥೆ ತುಂಬಿದೆ ಎಂಬುದನ್ನು ತೋರಿಸುವುದು ಈ ಪಾಠದ ಉದ್ದೇಶ.

ಮೊದಲಿಗೆ ಒಂದು ಮಾತು. ಬಾದಾಮಿಯ ಸೀಮೆ ಒಣನೆಲವೇ ಹೊರತು ಮರುಭೂಮಿಯಲ್ಲ. ವರ್ಷಕ್ಕೆ ೨೫೦ ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಮರುಭೂಮಿ ಎನ್ನುವುದು ವಾಡಿಕೆ. ಬಾದಾಮಿಯಲ್ಲಿ ಸುಮಾರು ಅದರ ಎರಡರಷ್ಟು ಮಳೆಯಾಗುತ್ತದೆ. ಆದರೆ ಆ ಮಳೆಯ ಬಹುಭಾಗ ಕೆಲವೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಉಳಿದ ಕಾಲವೆಲ್ಲ ಬಿಸಿಲಿನದು.

ದಾರಿಯೇ ಮೊದಲ ಪಾಠ

ಪುಣೆಯಿಂದ ಸೊಲ್ಲಾಪುರ, ಹೊಟಗಿ, ವಿಜಯಪುರ, ಬಾಗಲಕೋಟೆಗಳ ಮಾರ್ಗವಾಗಿ ರೈಲಿನಲ್ಲಿ ಬಾದಾಮಿಯನ್ನು ಸೇರಬಹುದು. ಹಗಲು ಹೊತ್ತಿನಲ್ಲಿ ಪ್ರಯಾಣ ಮಾಡುವವರು ಕಿಟಕಿಯ ಬದಿಗೆ ಕುಳಿತು ಮಣ್ಣಿನ ಬಣ್ಣವನ್ನು ಗಮನಿಸಬೇಕು. ಹೊಟಗಿಯಿಂದ ಮುಂದೆ ಭೀಮೆಯನ್ನು ದಾಟಿ ವಿಜಯಪುರದ ಸೀಮೆಗೆ ಬಂದಾಗಲೂ ಎರೆಮಣ್ಣಿನ ಕಪ್ಪು ಹೊಲಗಳೇ ಹಬ್ಬಿರುತ್ತವೆ. ಅದು ಪುಣೆಯ ಕರಿಗಲ್ಲಿನ ಬಳಗವೇ. ಆಲಮಟ್ಟಿಯ ಬಳಿ ಕೃಷ್ಣೆಯನ್ನೂ, ಮುಂದೆ ಘಟಪ್ರಭೆಯನ್ನೂ ದಾಟಿ ಬಾಗಲಕೋಟೆಯನ್ನು ಹಿಂದೆ ಹಾಕಿದ ಮೇಲೆ ಕಪ್ಪು ಹಿಂದಾಗಿ ಕೆಂಪು ಮುಂದಾಗುತ್ತದೆ. ಬಾದಾಮಿಯ ನಿಲ್ದಾಣದಲ್ಲಿ ಇಳಿದು ಊರಿನ ಕಡೆಗೆ ಹೊರಟರೆ ಕೆಂಗಲ್ಲಿನ ಗೋಡೆಗಳು ಎದುರಿಗೆ ಎದ್ದು ನಿಲ್ಲುತ್ತವೆ.

ನೀರು ಕಟ್ಟಿದ ಕಲ್ಲು

ಬಾದಾಮಿಯ ಬಂಡೆ ಮರಳುಗಲ್ಲು. ಪುರಾತನ ಕಾಲದ ಹೊಳೆಗಳೂ ಆಳವಿಲ್ಲದ ಕಡಲೂ ತಂದು ಹಾಸಿದ ಮರಳು, ಪದರದ ಮೇಲೆ ಪದರವಾಗಿ ಕೂಡಿ, ಮೇಲಿನ ಭಾರಕ್ಕೆ ಬಿಗಿದು ಕಲ್ಲಾಯಿತು. ಇದರ ವಯಸ್ಸು ಐವತ್ತು ಕೋಟಿ ವರ್ಷಗಳಿಗೂ ಬಹಳ ಹೆಚ್ಚು. ಪುಣೆಯ ಕರಿಗಲ್ಲು ಇದರ ಮುಂದೆ ನಿನ್ನೆಯ ಕೂಸು. ಮರಳಿನ ಹರಳುಗಳಿಗೆ ಕಬ್ಬಿಣದ ಅಂಶವು ಅಂಟಿಕೊಂಡು ತುಕ್ಕಿನ ಬಣ್ಣವನ್ನು ಕೊಟ್ಟಿದೆ. ಹಳೆಯ ಮೊಳೆಯ ಮೇಲಿನ ತುಕ್ಕು, ಅಂಗಳಕ್ಕೆ ಬಳಿಯುವ ಕೆಮ್ಮಣ್ಣು, ಬಾದಾಮಿಯ ಬಂಡೆ, ಈ ಮೂರರ ಕೆಂಪಿಗೂ ಮೂಲವೊಂದೇ.

ನಾಲ್ಕು ಗುಹಾದೇವಾಲಯಗಳ ಗೋಡೆಗಳನ್ನು ನೋಡುವಾಗ ಶಿಲ್ಪಗಳ ಜೊತೆಗೆ ಕಲ್ಲಿನ ಗೆರೆಗಳನ್ನೂ ನೋಡಿರಿ. ಪದರಗಳ ನಡುವೆ ಕೆಲವೆಡೆ ಓರೆಯಾದ ಗೆರೆಗಳು ಕಾಣುತ್ತವೆ. ಹರಿಯುವ ನೀರು ಮರಳನ್ನು ತಳ್ಳಿ ದಿಬ್ಬ ಮಾಡುವಾಗ ದಿಬ್ಬದ ಇಳಿಜಾರಿನಲ್ಲಿ ಮೂಡಿದ ಗೆರೆಗಳಿವು. ಅವು ವಾಲಿದ ದಿಕ್ಕಿನಿಂದ ಅಂದಿನ ಹೊಳೆ ಎತ್ತ ಹರಿಯುತ್ತಿತ್ತೆಂದು ಭೂವಿಜ್ಞಾನಿಗಳು ಹೇಳಬಲ್ಲರು. ಮೀನು ಕೂಡ ಹುಟ್ಟುವ ಮೊದಲು ಹರಿದ ಹೊಳೆಯೊಂದರ ದಿಕ್ಕನ್ನು ಗೋಡೆಯ ಮೇಲೆ ಬೆರಳಿಟ್ಟು ತೋರಿಸಬಹುದೆಂದರೆ ಸಣ್ಣ ಮಾತಲ್ಲ.

ನೀರು ಬಿಡಿಸಿದ ಕಣಿವೆ

ಕಲ್ಲನ್ನು ಕಟ್ಟಿದ ನೀರೇ ಅದನ್ನು ಬಿಡಿಸುವ ಕೆಲಸವನ್ನೂ ಮಾಡುತ್ತದೆ. ಮರಳುಗಲ್ಲಿನಲ್ಲಿ ನೆಟ್ಟನೆಯ ಬಿರುಕುಗಳು ಬಹಳ. ಮಳೆಯ ನೀರು ಅವುಗಳಲ್ಲಿ ಇಳಿದು, ಹರಳು ಹರಳಾಗಿ ಕಲ್ಲನ್ನು ಸಡಿಲಿಸಿ, ಬಿರುಕನ್ನು ಓಣಿಯಾಗಿ ಅಗಲಿಸುತ್ತದೆ. ವಸ್ತುಸಂಗ್ರಹಾಲಯದ ಬಳಿಯಿಂದ ಉತ್ತರದ ಗುಡ್ಡವನ್ನು ಏರುವ ಮೆಟ್ಟಿಲುಗಳು ಇಂಥ ಇಕ್ಕಟ್ಟಿನ ಓಣಿಯಲ್ಲಿಯೇ ಸಾಗುತ್ತವೆ. ಎರಡೂ ಬದಿಗೆ ಕೆಂಪು ಗೋಡೆ, ಮೇಲೆ ಆಕಾಶದ ಒಂದು ಪಟ್ಟಿ. ಬಿಸಿಲು ಹೊಕ್ಕದ ಆ ಎಡೆಯಲ್ಲಿ ಮಕ್ಕಳು ತಾವಾಗಿಯೇ ದನಿ ತಗ್ಗಿಸುತ್ತಾರೆ. ಓಣಿ ದಾಟಿ ಮೇಲೇರಿದರೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯಗಳು ಸಿಗುತ್ತವೆ. ಕೆಳಗೆ ಕೆರೆಯ ಹಸುರು ನೀರು ಹೊಳೆಯುತ್ತದೆ.

ಈ ಓಣಿಗಳು ಬೇಸಗೆಯಲ್ಲಿ ತಂಪು, ಮಳೆಯಲ್ಲಿ ಅಪಾಯ. ಬರಿಯ ಬಂಡೆಯ ಮೇಲೆ ಬಿದ್ದ ಮಳೆ ಇಂಗಲು ಮಣ್ಣಿಲ್ಲದೆ ಒಮ್ಮೆಗೇ ಓಣಿಗೆ ನುಗ್ಗುತ್ತದೆ. ಜೋರ್ಡಾನ್ ದೇಶದ ಪೆಟ್ರಾ ಎಂಬ ಪುರಾತನ ನಗರವೂ ಕೆಂಪು ಮರಳುಗಲ್ಲಿನಲ್ಲಿ ಕಡೆದುದು. ಅದನ್ನು ಹೊಗುವ ದಾರಿಯೂ ಇಂಥದೇ ಇಕ್ಕಟ್ಟಿನ ಕೊರಕಲು. ೧೯೬೩ರಲ್ಲಿ ಅಲ್ಲಿ ಹಠಾತ್ತನೆ ನುಗ್ಗಿದ ನೆರೆಗೆ ಸಿಕ್ಕಿ ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಆದುದರಿಂದ ಮೋಡ ಕವಿದಾಗ ಓಣಿಯನ್ನು ಹೊಗಬಾರದು. ಮಳೆ ನಿಂತ ಮೇಲೂ ಬಂಡೆ ಒಣಗುವತನಕ ಅದರ ಅಂಚಿಗೆ ಹೋಗಬಾರದು. ನೆನೆದ ಮರಳುಗಲ್ಲು ಜಾರುವುದಲ್ಲದೆ ಬಲಗುಂದಿ ಮುರಿಯುವುದೂ ಉಂಟು.

ನೀರು ಹಿಡಿದವರು

ಪೆಟ್ರಾ ನಗರವನ್ನು ಕಟ್ಟಿದ ಜನ ಬಂಡೆಯಲ್ಲಿ ಕಾಲುವೆಗಳನ್ನು ಕೊರೆದು, ಹೊಂಡಗಳನ್ನು ತೋಡಿ, ಅಪರೂಪದ ಮಳೆಯನ್ನು ಹಿಡಿದಿಟ್ಟರು. ನಮ್ಮವರೂ ಹಿಂದೆ ಬಿದ್ದವರಲ್ಲ. ಶಕ ೪೬೫ರಲ್ಲಿ, ಅಂದರೆ ಕ್ರಿ.ಶ. ೫೪೩ರಲ್ಲಿ, ಒಂದನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದನೆಂದು ಅಲ್ಲಿಯ ಬಂಡೆಯ ಮೇಲಿನ ಶಾಸನವು ಹೇಳುತ್ತದೆ. ವಾತಾಪಿಯೇ ಇಂದಿನ ಬಾದಾಮಿ. ಅರಸನೊಬ್ಬನು ಒಣಸೀಮೆಯ ನಡುವೆ ರಾಜಧಾನಿಯನ್ನು ಕಟ್ಟಿದುದೇಕೆ? ಉತ್ತರದ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದರೆ ಉತ್ತರ ಅರ್ಧ ಸಿಕ್ಕಂತೆಯೇ. ಎರಡು ಗುಡ್ಡಗಳ ಕಡಿದಾದ ಗೋಡೆಗಳು ಶತ್ರುವಿಗೆ ತಡೆ. ಅದೇ ಗುಡ್ಡಗಳ ಮೇಲೆ ಬಿದ್ದ ಮಳೆಯೆಲ್ಲ ಹರಿದಿಳಿದು ನಡುವಿನ ತಗ್ಗಿಗೆ ಬರುತ್ತದೆ. ಪಶ್ಚಿಮಕ್ಕೆ ಒಡ್ಡು ಹಾಕಿದರೆ ಅದೇ ಅಗಸ್ತ್ಯತೀರ್ಥ. ಮಳೆಗಾಲದಲ್ಲಿ ಗುಡ್ಡದಿಂದ ಅಕ್ಕ-ತಂಗಿ ಎಂಬ ಜೋಡಿ ಧಾರೆಗಳು ಧುಮ್ಮಿಕ್ಕುತ್ತವೆ. ಪೂರ್ವದ ತುದಿಯಲ್ಲಿ ಭೂತನಾಥನ ಗುಡಿ ನೀರಿಗೆ ಕಾಲುಚಾಚಿ ಕುಳಿತಂತಿದೆ.

ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ. ಅದರ ವರ್ಷ ಕ್ರಿ.ಶ. ೫೭೮. ಕೆರೆಯ ಈಶಾನ್ಯಕ್ಕೆ ಬಂಡೆಯ ಮೇಲೆ ಕ್ರಿ.ಶ. ಸುಮಾರು ೭೦೦ರ ಕಪ್ಪೆ ಅರಭಟ್ಟನ ಶಾಸನವಿದೆ. ವೀರನೊಬ್ಬನ ಗುಣವನ್ನು ಹೊಗಳುವ ಆ ಬರಹದಲ್ಲಿ ತ್ರಿಪದಿಗಳಿವೆ. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ತ್ರಿಪದಿಗಳೆಂದು ಅವುಗಳಿಗೆ ಹೆಸರು. ಹಳ್ಳಿಯ ತಾಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದುದು ಇದೇ ಮೂರು ಸಾಲಿನ ಪದ್ಯವನ್ನೇ. ದೀಪಾವಳಿಯ ರಜೆಯಲ್ಲಿ ನಾಲ್ಕಾರು ಮನೆಯವರು ಕೂಡಿ ಹೋದಾಗ ನಾನು ಪುಸ್ತಕದಿಂದ ಆ ಪದ್ಯವನ್ನು ಓದಿ ಹೇಳಿದೆ. ಓದುಬರಹ ಬಾರದ ಅಜ್ಜಿಯೊಬ್ಬರು, “ಮಾತು ತಿಳಿಯಲಿಲ್ಲ ಮಾಸ್ತರ, ಆದರ ಧಾಟಿ ನಮ್ಮದೇ ಐತಿ” ಎಂದರು. ಮೊಮ್ಮಕ್ಕಳು ಅಜ್ಜಿಯನ್ನೂ ಬಂಡೆಯನ್ನೂ ಸರದಿಯ ಮೇಲೆ ನೋಡಿದರು. ಕೆರೆಯ ದಂಡೆಗೆ ನೀರಿಗಾಗಿ ಜನ ಬರುವರೆಂದೇ ಅದನ್ನು ಅಲ್ಲಿ ಬರೆಸಿರಬಹುದೆಂದು ಊಹಿಸಿದರೆ ತಪ್ಪಾಗಲಾರದು.

ಮಹಾಕೂಟದ ಕಾಲುದಾರಿ

ಎರಡನೆಯ ದಿನದ ನಡಿಗೆಗೆ ಮಹಾಕೂಟವು ತಕ್ಕುದು. ಗುಡ್ಡಗಳ ನಡುವಿನ ಕಾಲುದಾರಿಯಲ್ಲಿ ಕುರುಚಲು ಕಾಡನ್ನು ಹಾದು ಕೆಲವು ಕಿಲೋಮೀಟರು ನಡೆಯಬೇಕು. ದಾರಿ ಬಲ್ಲ ಊರವರೊಬ್ಬರು ಜೊತೆಗಿರಲಿ. ಕಾಲಡಿಯ ಬಂಡೆ ಕಾದು, ಗಂಟಲು ಒಣಗಿ, ಇನ್ನೆಷ್ಟು ದೂರ ಎಂದು ಮಕ್ಕಳು ಕೇಳುವ ಹೊತ್ತಿಗೆ ದೊಡ್ಡ ಮರಗಳ ನೆರಳೂ ಗುಡಿಗಳ ಗುಂಪೂ ಕಾಣುತ್ತವೆ. ನಡುವೆ ವಿಷ್ಣುಪುಷ್ಕರಿಣಿ. ಇದರ ನೀರು ಬುಗ್ಗೆಯದು. ಗುಡ್ಡದ ಬಿರುಕುಗಳಲ್ಲಿ ಇಳಿದ ಮಳೆನೀರು ಒಳಗಿನ ಬಿಗಿಯಾದ ಪದರವನ್ನು ಮುಟ್ಟಿ, ಮುಂದೆ ಇಳಿಯಲಾರದೆ, ತಗ್ಗಿನಲ್ಲಿ ಹೊರಗೆ ಬಂದರೆ ಬುಗ್ಗೆಯಾಗುತ್ತದೆ. ನಾವು ಬೆವರುತ್ತ ದಾಟಿ ಬಂದ ಬರಡು ಗುಡ್ಡದ ಹೊಟ್ಟೆಯಲ್ಲಿ ನೀರಿತ್ತೆಂಬುದು ಅಲ್ಲಿ ತಿಳಿಯುತ್ತದೆ. ಪುಸ್ತಕದ ಹತ್ತು ಪುಟಗಳು ಹೇಳಲಾರದ್ದನ್ನು ಬಾಯಾರಿದ ಒಂದು ತಾಸು ಹೇಳುತ್ತದೆ.

ಇನ್ನೊಂದು ದಿನವಿದ್ದರೆ ಮಲಪ್ರಭೆಯ ದಂಡೆಯ ಪಟ್ಟದಕಲ್ಲನ್ನೂ ಐಹೊಳೆಯನ್ನೂ ನೋಡಬಹುದು. ಪಟ್ಟದಕಲ್ಲು ೧೯೮೭ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ.

ನಾವು ಹೊತ್ತೊಯ್ಯುವ ನೀರು

ಈಗ ಪಾಲಕರಿಗೆ ಕೆಲವು ಮಾತು. ಊರಿಗೆ ಹೋಗುವುದು ಹೇಗೂ ಮೇ ತಿಂಗಳಿನಲ್ಲಿ, ಆಗಲೇ ಬಾದಾಮಿಯನ್ನೂ ತೋರಿಸಿಬಿಡೋಣ ಎಂಬುದು ಅನೇಕರ ಯೋಚನೆ. ಮಕ್ಕಳೊಡನೆ ಬಂಡೆಯ ಮೇಲೆ ನಡೆಯಲು ಅದು ಕಾಲವಲ್ಲ. ಬಂಡೆ ಹಗಲೆಲ್ಲ ಕಾದು ಸಂಜೆಯ ಮೇಲೂ ಬಿಸಿ ಉಗುಳುತ್ತಿರುತ್ತದೆ. ಎಳೆಯರ ಮೈ ದೊಡ್ಡವರದಕ್ಕಿಂತ ಬೇಗ ಬಿಸಿಯೇರುತ್ತದೆ. ಆಟದ ಗುಂಗಿನಲ್ಲಿ ಅವರು ನೀರು ಕೇಳುವುದನ್ನೂ ಮರೆಯುತ್ತಾರೆ. ದೀಪಾವಳಿಯ ರಜೆ ಒಳ್ಳೆಯದು. ಪುಷ್ಯಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಗೆ ಹೋಗುವವರು ಆಗ ಎರಡು ದಿನ ಹೆಚ್ಚು ನಿಂತರೂ ಆದೀತು. ಬನಶಂಕರಿಯ ಗುಡಿಯ ಬಳಿ ಹೆಣ್ಣುಮಕ್ಕಳು ಮಾರುವ ಖಡಕ್ ರೊಟ್ಟಿ, ಶೇಂಗಾಚಟ್ನಿ, ಮೊಸರಿಗಿಂತ ನಡಿಗೆಗೆ ಒಳ್ಳೆಯ ಬುತ್ತಿಯಿಲ್ಲ.

ಸೂರ್ಯ ಮೂಡುವಾಗ ಹೊರಟು ಹತ್ತೂವರೆಗೆ ನೆರಳು ಸೇರಬೇಕು. ಮತ್ತೆ ನಾಲ್ಕರ ಮೇಲೆ ಏಳಬೇಕು. ತಾಸಿಗೆ ಅರ್ಧ ಲೀಟರಿನಂತೆ ಪ್ರತಿಯೊಬ್ಬರಿಗೂ ನೀರಿರಲಿ. ಅರ್ಧ ನೀರು ಮುಗಿದಾಗ ಇನ್ನೂ ಅರ್ಧ ದಾರಿ ನಡೆದಿರದಿದ್ದರೆ ಹಿಂದಿರುಗುವುದೇ ಜಾಣತನ. ತಲೆನೋವು, ತಲೆಸುತ್ತು, ಓಕರಿಕೆ ಕಂಡರೆ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈಯೊರೆಸಿ, ಗಾಳಿ ಬೀಸಬೇಕು. ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು, ಚಮಚ ಚಹಾದ್ದಾಗಿರಲಿ. ಮೈ ಸುಡುತ್ತ ಮಾತು ತಪ್ಪತೊಡಗಿದರೆ ಅದು ಪ್ರಾಣಾಪಾಯದ ಗುರುತು. ಮೈಗೆ ನೀರು ಸುರಿಯುತ್ತ ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು.

ಬಾದಾಮಿಯ ಮಂಗಗಳು ಕೈಯಲ್ಲಿಯ ತಿಂಡಿಯನ್ನು ಕಸಿಯುವುದರಲ್ಲಿ ನಿಪುಣರು, ಬುತ್ತಿ ಚೀಲದೊಳಗಿರಲಿ. ಹಗ್ಗ ಕಟ್ಟಿಕೊಂಡು ನೆಟ್ಟನೆಯ ಬಂಡೆಯನ್ನೇರುವ ಸಾಹಸಿಗಳನ್ನು ಅಲ್ಲಿ ಕಾಣಬಹುದು. ಅವರನ್ನು ನೋಡಿ ಸಂತೋಷಪಡೋಣ, ಅನುಕರಿಸುವುದು ಬೇಡ. ಶಾಸನವನ್ನು ಮುಟ್ಟಬಾರದು, ಬಂಡೆಯ ಮೇಲೆ ಹೆಸರು ಗೀಚಬಾರದು.

ನೋಡಿ ಬರೆಯಿರಿ

೧. ಪುಣೆಯ ಪಾತಾಳೇಶ್ವರದ ಗುಹಾಲಯ ಎಂಟನೆಯ ಶತಮಾನದ್ದು, ಕರಿಗಲ್ಲಿನಲ್ಲಿ ಕಡೆದುದು. ಅದರ ಗೋಡೆಗೂ ಬಾದಾಮಿಯ ಗುಹೆಯ ಗೋಡೆಗೂ ಕಾಣುವ ಮೂರು ಭೇದಗಳನ್ನು ಬರೆಯಿರಿ.

೨. ರೈಲಿನ ಕಿಟಕಿಯಿಂದ ಮಣ್ಣಿನ ಬಣ್ಣ ಎಲ್ಲೆಲ್ಲಿ ಬದಲಾಯಿತು? ನಿಲ್ದಾಣಗಳ ಹೆಸರು ಬರೆದು ಪಟ್ಟಿ ಮಾಡಿರಿ.

೩. ಅಗಸ್ತ್ಯತೀರ್ಥಕ್ಕೆ ಮಳೆನೀರು ಬರುವ ದಾರಿಗಳನ್ನು ಮೇಲಿನಿಂದ ನೋಡಿ ನಕ್ಷೆ ಬಿಡಿಸಿರಿ.

೪. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿರಿ: ಅವರು ಚಿಕ್ಕವರಿದ್ದಾಗ ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು? ಆ ಬಾವಿಯೋ ಕೆರೆಯೋ ಹಳ್ಳವೋ ಇಂದು ಹೇಗಿದೆ? ಮುಂದಿನ ಸಲ ಊರಿಗೆ ಹೋದಾಗ ಅಲ್ಲಿಯವರೆಗೆ ಅವರೊಡನೆ ನಡೆದುಹೋಗಿ ನೋಡಿ ಬಂದು ‘ನಮ್ಮ ಊರು’ ಎಂಬ ಪ್ರಬಂಧವನ್ನು ಬರೆಯಿರಿ.